ಮದುವೆ ನಿಂತ ಮೇಲೆ ಓದೂ ನಿಲ್ಲದಿರಲಿ: ದೇಣಿಗೆಗಾಗಿ ಮನವಿ

ಆತ್ಮೀಯ ಹಳೆಯ ವಿದ್ಯಾರ್ಥಿಗಳೇ, ಗ್ರಾಮದ ಹಿರಿಯರೇ,

ಚಳ್ಳಕೆರೆ ತಾಲ್ಲೂಕಿನ ನಮ್ಮ ಸರ್ಕಾರಿ ಪ್ರೌಢಶಾಲೆಯ ಹೆಣ್ಣುಮಕ್ಕಳು ತಮ್ಮಷ್ಟಕ್ಕೆ ತಾವೇ ಒಂದು ತಂಡ ಕಟ್ಟಿಕೊಂಡು ಬಾಲ್ಯವಿವಾಹದ ವಿರುದ್ಧ ಓಡಾಡುತ್ತಿರುವುದು ನಿಮ್ಮ ಕಿವಿಗೂ ಬಿದ್ದಿರಬೇಕು. ಹಾಗೆ ಮದುವೆ ನಿಂತ ಹುಡುಗಿಯರನ್ನು ಕಾಲೇಜಿಗೆ ಕಳಿಸಲು ಈಗ ಹಣ ಬೇಕಾಗಿದೆ. ಹಳೆಯ ವಿದ್ಯಾರ್ಥಿಗಳ ಟ್ರಸ್ಟ್ ಪರವಾಗಿ ನಿಮ್ಮನ್ನು ಕೇಳುತ್ತಿದ್ದೇವೆ.

ಊರಿನ ಶಾಮಿಯಾನ ಅಂಗಡಿಗೆ ಹೋದರೆ ಗಲ್ಲಾಪೆಟ್ಟಿಗೆ ಹಿಂದಿನ ಗೋಡೆಯಲ್ಲಿ ನೋಟ್‌ಬುಕ್ಕಿನ ಹಾಳೆಯೊಂದು ಕಾಣುತ್ತದೆ: 'ಮದುವೆಗೆ ಅಡ್ವಾನ್ಸ್ ಕೊಡೋ ಮುಂಚೆ ಹುಡುಗಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೋರಿಸಿ.' ಅಂಕಪಟ್ಟಿಯಲ್ಲಿ ಹುಟ್ಟಿದ ತಾರೀಖು ಇರುತ್ತದಲ್ಲ, ಅದಕ್ಕೆ. ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದವರು ಒಂಬತ್ತನೇ ಕ್ಲಾಸಿನ ಹುಡುಗಿಯರು. ಅಂಗಡಿಯವರು ಮೊದಲು 'ನಮ್ ಯಾಪಾರ ಕೆಡಿಸ್‌ಬ್ಯಾಡ್ರವ್ವ' ಎಂದು ಗದರಿದ್ದರು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ಮದುವೆ ನಡೆಸಿಕೊಟ್ಟವರಿಗೂ, ಹೋಗಿ ಪಾಲ್ಗೊಂಡವರಿಗೂ 2 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು ಎಂದು ಮಕ್ಕಳು ಓದಿ ಹೇಳಿದ ಮೇಲೆ ತಾವೇ ಗಮ್ ಟೇಪ್ ಕೊಟ್ಟರು. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನವರು, ವಾಲಗದವರು, ಅಡುಗೆಯವರು, ಯಾರನ್ನೂ ಈ ಹುಡುಗಿಯರು ಬಿಟ್ಟಿಲ್ಲ. ಮಕ್ಕಳ ಗ್ರಾಮಸಭೆಯಲ್ಲಿ ಬಸ್‌ಸ್ಟಾಪಿಗೆ ದೀಪ ಕೇಳಿದರು, ಶಾಲೆಯ ಶೌಚಾಲಯಕ್ಕೆ ನೀರು ಕೇಳಿದರು. ದೀಪ ಬಂತು. ನೀರು ಇನ್ನೂ ಬರಬೇಕು.

'ಈ ಹುಡುಗೀರ ಬಾಯಿ ಜೋರಾಯ್ತು' ಎನ್ನುವವರೂ ಇದ್ದಾರೆ. ನವೆಂಬರ್ 11ರ ಜಯಂತಿ ಬಂದರೆ ಒನಕೆ ಓಬವ್ವನ ಫೋಟೊಕ್ಕೆ ಹಾರ ಹಾಕಲು ಹೀಗೆನ್ನುವವರೇ ಮುಂದೆ ನಿಲ್ಲುತ್ತಾರೆ, ಇರಲಿ.

ತೊಡಕು ಇರುವುದು ಮದುವೆ ನಿಂತ ಮಾರನೇ ದಿನ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹೋದರೆ ಅಧಿಕಾರಿಗಳು, ಪೊಲೀಸರು ಬರುತ್ತಾರೆ, ಹೆತ್ತವರಿಂದ ಮುಚ್ಚಳಿಕೆ ಬರೆಸಿಕೊಂಡು ಹೋಗುತ್ತಾರೆ. ಹುಡುಗಿ ಅದೇ ಮನೆಯಲ್ಲಿ, ಅದೇ ಸಿಟ್ಟಿನ ಮಧ್ಯೆ ಉಳಿಯುತ್ತಾಳೆ. ಎಸ್ಸೆಸ್ಸೆಲ್ಸಿ ಪಾಸಾದವಳನ್ನು ಕಾಲೇಜಿಗೆ ಹಚ್ಚದೆ ಶೇಂಗಾ ಹೊಲದ ಕೂಲಿಗೆ ಕಳಿಸಿದರೆ ಸಂಬಂಧದ ಮಾತು ಮತ್ತೆ ಶುರುವಾಯಿತೆಂದೇ ಲೆಕ್ಕ. ಈ ಸಲ ಗುಟ್ಟಾಗಿ, ಬೇರೆ ಊರಿನ ದೇವಸ್ಥಾನದಲ್ಲಿ. 2016ರ ರಾಜ್ಯ ತಿದ್ದುಪಡಿಯಂತೆ ಕರ್ನಾಟಕದಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಆದರೆ ಒಮ್ಮೆ ಗಂಡನ ಮನೆ ಸೇರಿದ ಹುಡುಗಿಯನ್ನು ಕಾಗದದ ಮೇಲಿನ ಆ ಮಾತು ವಾಪಸ್ ಕರೆತರುವುದಿಲ್ಲ. ಕಾಲೇಜಿಗೆ ಹೋಗುವ ಹುಡುಗಿಯ ವಿಷಯದಲ್ಲಿ ಮಾತ್ರ ಮನೆಯವರೇ 'ಓದ್ತಾ ಐತೆ, ಆಮ್ಯಾಕೆ ನೋಡಣ' ಎಂದು ಬಂದವರನ್ನು ಕಳಿಸಿಬಿಡುತ್ತಾರೆ. ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಹೆಣ್ಣುಮಕ್ಕಳಿಗೆ ಬಸ್ ಫ್ರೀ ಇದೆಯಲ್ಲ ಎಂದು ನೀವು ಕೇಳಬಹುದು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ಕಾಲೇಜಿನ ಹೊತ್ತಿಗೆ ನಮ್ಮ ಕಡೆ ಓಡುವುದು ಖಾಸಗಿ ಬಸ್. ಹಾಸ್ಟೆಲ್‌ಗೆ ಅರ್ಜಿ ಹಾಕಿಸುತ್ತೇವೆ, ಆದರೆ ಆಯ್ಕೆಪಟ್ಟಿ ಬರುವತನಕದ ದಿನಗಳೇ ಅಪಾಯದವು. ಬಸ್ ಚಾರ್ಜು, ಪುಸ್ತಕ, ಎರಡು ಜೊತೆ ಬಟ್ಟೆ ಸೇರಿ ಒಬ್ಬ ಹುಡುಗಿಗೆ ವರ್ಷಕ್ಕೆ 12,000 ರೂಪಾಯಿ ಎಂದು ಅಂದಾಜು ಮಾಡಿದ್ದೇವೆ. ಪಿಯುಸಿ ಮುಗಿಯುವವರೆಗೆ, ಅಂದರೆ 2 ವರ್ಷ, ಈ ಹೊಣೆ ಟ್ರಸ್ಟಿನದು. ಪೂರ್ತಿ ಕೊಡಲಾಗದವರು ತಿಂಗಳಿಗೆ 500 ಕೊಟ್ಟರೂ ಸರಿಯೇ. ಹಳೆ ಬಟ್ಟೆ, ಅರ್ಧ ಬರೆದ ನೋಟ್‌ಬುಕ್ ದಯವಿಟ್ಟು ಬೇಡ.

ಕಳೆದ ಸಲ ಕೆಲವು ದಾನಿಗಳು ಹುಡುಗಿಯರ ಫೋಟೊ ಕೇಳಿದ್ದರು. ಕೊಡುವುದಿಲ್ಲ. ಇಂಥ ಮಕ್ಕಳ ಗುರುತು ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯ್ದೆ ನಿಷೇಧಿಸುತ್ತದೆ. ಕಾನೂನು ಇರದಿದ್ದರೂ ಕೊಡುತ್ತಿರಲಿಲ್ಲ. ಹೆಸರಿಲ್ಲದ ಲೆಕ್ಕಪತ್ರ, ಹಾಜರಾತಿಯ ವಿವರ ಮಾತ್ರ ನಿಮ್ಮ ಕೈಗೆ ಬರುತ್ತದೆ.

ಚೆಕ್ಕನ್ನು ಟ್ರಸ್ಟಿನ ಹೆಸರಿಗೇ ಬರೆಯಿರಿ. ನಗದಾದರೆ ಶಾಲೆಯ ಸಮಯದಲ್ಲಿ ಬಂದು ಖಜಾಂಚಿಯವರ ಕೈಗೆ ಕೊಟ್ಟು ರಸೀದಿ ಪಡೆಯಿರಿ. ರಸೀದಿಯಿಲ್ಲದೆ ಯಾರಿಗೂ ಹಣ ಕೊಡಬೇಡಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವುದರೊಳಗೆ ಮುಟ್ಟಿದರೆ ದಾಖಲಾತಿಯ ಮೊದಲ ದಿನವೇ ಹುಡುಗಿಯರನ್ನು ಕಾಲೇಜಿಗೆ ಕರೆದೊಯ್ಯಬಹುದು.

ಇಂತಿ,
ಟ್ರಸ್ಟಿನ ಅಧ್ಯಕ್ಷರು ಹಾಗೂ ಸದಸ್ಯರು