ಮಾಡು ಬಿಚ್ಚಿದ ಮೇಲೆ ಶುರುವಾಗುವ ಜಗಳ

ಮಾನ್ಯ ಸಂಪಾದಕರೇ,

ಸರ್ಕಾರಿ ಶಾಲೆಯದೋ ಆಸ್ಪತ್ರೆಯದೋ ನವೀಕರಣ ಅರ್ಧಕ್ಕೆ ನಿಂತಿದೆ ಎಂಬ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಗುತ್ತಿಗೆದಾರರ ನಿರ್ಲಕ್ಷ್ಯ ಅಂತ ಒಂದು ಸಾಲು ಅದರಲ್ಲಿ ಇದ್ದೇ ಇರುತ್ತದೆ. ಇರಬಹುದು. ಗುತ್ತಿಗೆದಾರರಿಗೆ ಅಳತೆ ತೆಗೆದು ಬಿಲ್ ಬರೆದುಕೊಡುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ನಾನು ಅವರ ಪರ ಅಂತ ನಿಮಗೆ ಅನ್ನಿಸಿದರೂ ತಪ್ಪಿಲ್ಲ. ಆದರೆ ಹೀಗೆ ನಿಂತ ಕೆಲಸಗಳಲ್ಲಿ ನಾನು ಕಂಡ ಜಗಳ ಹೆಚ್ಚಾಗಿ ಒಂದೇ: ಈ ಕೆಲಸ ಟೆಂಡರ್‌ನಲ್ಲಿ ಸೇರಿದೆಯೋ ಇಲ್ಲವೋ.

ಕರಾವಳಿಯ ಒಂದು ಹಳೇ ಶಾಲೆಯದ್ದೇ ಹೇಳುತ್ತೇನೆ, ಊರು ಬೇಡ. ಹೆಂಚಿನ ಮಾಡು, ಅಂದರೆ ಚಾವಣಿ. ಅಂದಾಜು ಪಟ್ಟಿಯಲ್ಲಿ ಇದ್ದದ್ದು ಇಷ್ಟು: ಹಾಳಾದ ಹೆಂಚು, ರೀಪು (ಹೆಂಚು ಕೂರುವ ತೆಳು ಮರದ ಪಟ್ಟಿ) ಬದಲಿಸಿ ಮಾಡಿನ ದುರಸ್ತಿ, ಅದಕ್ಕೆ ಬೇಕಾದ ಎಲ್ಲ ಕೆಲಸ ಸೇರಿ, ಚದರ ಮೀಟರಿಗೆ ಇಷ್ಟು ದರ. ಅಂದಾಜು ಮಾಡಿದವರು ಕೆಳಗೆ ನಿಂತು ನೋಡಿದ್ದರು. ಕೆಳಗಿಂದ ಬಣ್ಣ ಬಳಿದ ಸೀಲಿಂಗ್ ಹಲಗೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹೆಂಚು ಇಳಿಸಿದ ಮೇಲೆ ನೋಡಿದರೆ ಗೋಡೆಯ ಕಡೆಯ ಪಕ್ಕಾಸುಗಳ, ಅಂದರೆ ರೀಪು ಹೊರುವ ದಪ್ಪ ಮರಗಳ, ಒಳಗೆಲ್ಲ ಗೆದ್ದಲು, ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು. ಅದರ ಮೇಲೆ ಹೊಸ ಹೆಂಚು ಕೂರಿಸುವುದು ಹೇಗೆ? ಪಕ್ಕಾಸು ಪಟ್ಟಿಯಲ್ಲಿಲ್ಲ, ಬೇರೆ ಐಟಂ ಮಾಡಿ ದರ ಕೊಡಿ ಅಂದರು ಗುತ್ತಿಗೆದಾರರು. ಸೈಟಿಗೆ ಬಂದ ಎಂಜಿನಿಯರ್, ಮಳೆ ಹತ್ತಿರ ಬಂತು, ಸುಮ್ನೆ ಹಾಕಿಬಿಡಿ, ಆಮೇಲೆ ನೋಡೋಣ ಅಂದರು. ಸೈಟಿನಲ್ಲಿ ಕೊಟ್ಟ ಸೂಚನೆ ಬರೆದಿಡುವ ಸೈಟ್ ಆರ್ಡರ್ ಬುಕ್‌ನಲ್ಲಿ ಒಂದಕ್ಷರ ಬರೆಯಲಿಲ್ಲ. ಬಿಲ್ ಹೋದಾಗ ಮೇಲಿನವರ ಉತ್ತರ ಏನು ಗೊತ್ತಾ? ‘ಎಲ್ಲ ಕೆಲಸ ಸೇರಿ’ ಅಂತ ಇದೆಯಲ್ಲ, ಪಕ್ಕಾಸೂ ಅದರಲ್ಲೇ ಬಂತು!

ಆ ದರ ಕಟ್ಟಿದ್ದು ಹೆಂಚು, ರೀಪು, ಕೂಲಿ ಲೆಕ್ಕ ಹಾಕಿ. ಮರದ ದಪ್ಪ ಪಕ್ಕಾಸಿನ ಬೆಲೆ ಅದರೊಳಗೆ ಎಲ್ಲಿಂದ ಬರಬೇಕು? ದರ ವಿಶ್ಲೇಷಣೆ ಹಾಳೆ ಕಚೇರಿಯಲ್ಲೇ ಇರುತ್ತದೆ, ತೆಗೆದು ನೋಡಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಆದರೆ ಯಾರೂ ತೆಗೆಯುವುದಿಲ್ಲ, ಯಾಕೆಂದರೆ ‘ಸೇರಿಲ್ಲ’ ಅಂತ ಬರೆದವರಿಗೆ ನಾಳೆ ಆಡಿಟ್ ಆಕ್ಷೇಪಣೆ ಬರುತ್ತದೆ, ‘ಸೇರಿದೆ’ ಅಂತ ಬರೆದವರಿಗೆ ಏನೂ ಬರುವುದಿಲ್ಲ.

ಗುತ್ತಿಗೆದಾರರೇನು ಸಾಚಾ ಅಂತಲ್ಲ. ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ದರ ಹಾಕಿದವರು, ಆಗಲೇಬೇಕೆಂದು ಕೈಸುಡುವಷ್ಟು ಕಡಿಮೆಗೆ ಬಿಡ್ ಹಾಕುವುದು, ಎಕ್ಸ್‌ಟ್ರಾ ಐಟಂನಲ್ಲಿ (ಪಟ್ಟಿಯಲ್ಲಿಲ್ಲದ ಕೆಲಸದ ಲೆಕ್ಕದಲ್ಲಿ) ಎತ್ತಿಕೊಳ್ಳೋಣ ಅಂತ ಕಾದು ಕೂರುವುದು, ಇದೆಲ್ಲ ನನ್ನ ಕಣ್ಣೆದುರಿಗೇ ನಡೆಯುತ್ತದೆ. ಬಿಡ್ ಹಾಕುವ ಮೊದಲು ಅನುಮಾನ ಕೇಳಲು ಕರೆಯುವ ಪ್ರೀ-ಬಿಡ್ ಸಭೆಯಲ್ಲಿ ಬಾಯಿ ಬಿಡದವರು ಬಿಲ್ ಹೊತ್ತಿಗೆ ಲಾಯರ್ ಆಗುತ್ತಾರೆ. ಅದಕ್ಕೇ ಅಲ್ವಾ, ನಿಜವಾಗಿ ಸಿಕ್ಕಿಬಿದ್ದವರನ್ನೂ ಕಚೇರಿಯಲ್ಲಿ ಯಾರೂ ನಂಬದಿರುವುದು.

ಕಾನೂನು ಏನೂ ಹೇಳಿಲ್ಲ ಅಂತಲ್ಲ. ತೀರ್ಥಹಳ್ಳಿಯ ರಾಮೇಶ್ವರ ರೈಸ್ ಮಿಲ್ ಪ್ರಕರಣ ನಮ್ಮ ರಾಜ್ಯದ್ದೇ. 1987ರಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ, ಒಪ್ಪಂದ ಮುರಿದದ್ದು ಹೌದೋ ಅಲ್ಲವೋ ಎಂಬುದೇ ತಕರಾರಾಗಿರುವಾಗ ಒಪ್ಪಂದದ ಒಂದು ಪಕ್ಷವೇ ತೀರ್ಪುಗಾರ ಆಗುವಂತಿಲ್ಲ ಎಂದಿತು. ಗುವಾಹಟಿ ವಿಮಾನ ನಿಲ್ದಾಣದ ಟರ್ಮಿನಲ್ ಕಟ್ಟಡ ವಿಸ್ತರಣೆಯ ಜಗಳದಲ್ಲೂ, ಜೆ.ಜಿ. ಎಂಜಿನಿಯರ್ಸ್ ಪ್ರಕರಣ ಅದು, 2011ರಲ್ಲಿ ಇದೇ ಮಾತು ಬಂತು. ಬಾಯಿಮಾತಿನ ಮೇಲೆ ಮಾಡಿಸಿಕೊಂಡ ಕೆಲಸಕ್ಕೂ ದಾರಿ ಇದೆ. ಬಂಗಾಳ ಸರ್ಕಾರಕ್ಕೆ ಅಧಿಕಾರಿಗಳ ಮಾತು ಕೇಳಿ ಶೆಡ್ಡು ಕಟ್ಟಿಕೊಟ್ಟವರಿಗೆ, ಸರಿಯಾದ ಲಿಖಿತ ಒಪ್ಪಂದ ಇಲ್ಲದಿದ್ದರೂ, ಕರಾರು ಕಾಯ್ದೆಯ 70ನೇ ಸೆಕ್ಷನ್ ಪ್ರಕಾರ ಹಣ ಕೊಡಬೇಕೆಂದು 1961ರಲ್ಲೇ ತೀರ್ಪಾಗಿದೆ. ಆದರೆ ಇದರಲ್ಲೊಂದು ಕೊಕ್ಕೆ ಇದೆ. ಕೆಲಸ ಒಪ್ಪಂದದೊಳಗೇ ಇದೆ ಅಂತಾದರೆ 70ನೇ ಸೆಕ್ಷನ್ ನೆರವಿಗೆ ಬರುವುದಿಲ್ಲ. ಇಲಾಖೆ ಹೇಳುವುದೂ ಅದನ್ನೇ, ಪಕ್ಕಾಸು ಒಪ್ಪಂದದೊಳಗೇ ಇತ್ತು ಅಂತ. ಮತ್ತೆ ಹೊರಟಲ್ಲಿಗೇ ಬಂದು ನಿಂತೆವು. ಇನ್ನು ಐದಾರು ಲಕ್ಷದ ತಕರಾರಿಗೆ ಕೋರ್ಟಿಗೆ ಅಲೆದು, ಅದೇ ಕಚೇರಿಯಲ್ಲಿ ಮುಂದಿನ ಟೆಂಡರಿಗೆ ಹೋಗಿ ನಿಲ್ಲುವವರು ಎಷ್ಟು ಜನ?

ಹೊಸ ಕಟ್ಟಡಕ್ಕೂ ಹಳೇ ಕಟ್ಟಡಕ್ಕೂ ಒಂದೇ ನಮೂನೆಯ ಅಂದಾಜು ಮಾಡುವುದರಲ್ಲೇ ಎಡವಟ್ಟು ಇದೆ. ಹಳೇ ಕಟ್ಟಡದ ಒಳಗೆ ಏನಿದೆ ಅಂತ ಬಿಚ್ಚದೆ ಗೊತ್ತಾಗುವುದಿಲ್ಲ. ಟೆಂಡರ್‌ಗೆ ಮೊದಲೇ ನಾಲ್ಕು ಕಡೆ ಹೆಂಚು ಎತ್ತಿ, ಗಾರೆ ಕೆರೆದು ನೋಡಿ, ಫೋಟೋ ಸಮೇತ ಟೆಂಡರಿಗೆ ಲಗತ್ತಿಸಲಿ. ಆಗಲೂ ಗೊತ್ತಾಗದೆ ಉಳಿಯುವುದಕ್ಕೆ, ಪಕ್ಕಾಸು ಇಷ್ಟು ಘನ ಮೀಟರ್ ಬೇಕಾಗಬಹುದು ಎಂದು ಪಟ್ಟಿಯಲ್ಲೇ ಬೇರೆ ಐಟಂ ಇಟ್ಟು ದರ ಕರೆಯಲಿ, ಆದಷ್ಟಕ್ಕೆ ಅಳತೆ ಮಾಡಿ ಕೊಡಲಿ. ಇಳಿಸಿದ ಹಳೇ ಮರ, ಹೆಂಚು ಯಾರದ್ದು ಅನ್ನುವುದನ್ನೂ ಅಲ್ಲೇ ಬರೆಯಲಿ, ತೇಗದ ತೊಲೆ ಇದ್ದ ಕಡೆ ಅದೂ ದೊಡ್ಡ ರಾದ್ಧಾಂತವೇ. ಇದಕ್ಕೆಲ್ಲ ಹೊಸ ಕಾಯ್ದೆ ಬೇಕಿಲ್ಲ, ಅಂದಾಜು ಮಾಡುವವರು ಏಣಿ ಹತ್ತಿದರೆ ಸಾಕು. ಕೆಲಸದ ಮಧ್ಯೆ ತಕರಾರು ಬಂದರೆ ಸೇರಿದೆಯೋ ಇಲ್ಲವೋ ಎಂಬ ಉತ್ತರ ವಾರದೊಳಗೆ, ಕಾರಣ ಸಮೇತ, ಬರಹದಲ್ಲಿ ಬರಬೇಕು. ಅಂದಾಜು ಮಾಡಿದ ವಿಭಾಗದವರೇ ಆ ಉತ್ತರ ಕೊಡಬಾರದು, ಬೇರೆ ವಿಭಾಗದ ಎಂಜಿನಿಯರ್ ಕೊಡಲಿ.

ಇನ್ನೊಂದು ಮಾತು, ಇದು ನಿಮ್ಮ ವರದಿಗಾರರಿಗೆ. ಮುಂದಿನ ಸಲ ನಿಂತ ಕಾಮಗಾರಿಯ ಫೋಟೋ ತೆಗೆಯಲು ಹೋದಾಗ ಹಾಗೆಯೇ ಒಂದು ಆರ್‌ಟಿಐ ಅರ್ಜಿಯೂ ಹಾಕಲಿ. ಕೇಳಬೇಕಾದ್ದು ಜಾಸ್ತಿ ಏನಿಲ್ಲ: ಅಳತೆ ಪುಸ್ತಕ, ಸೈಟ್ ಆರ್ಡರ್ ಬುಕ್, ಎಕ್ಸ್‌ಟ್ರಾ ಐಟಂ ಬಗ್ಗೆ ನಡೆದ ಪತ್ರವ್ಯವಹಾರ. 2005ರ ಆ ಕಾಯ್ದೆಯಲ್ಲಿ ಕಾಮಗಾರಿಯನ್ನೇ ಪರಿಶೀಲಿಸುವ, ಸಾಮಗ್ರಿಯ ಸ್ಯಾಂಪಲ್ ಪಡೆಯುವ ಹಕ್ಕೂ ಇದೆ. ಯಾರು ಯಾವತ್ತು ಕೇಳಿದರು, ಯಾರು ಉತ್ತರ ಕೊಡದೆ ಎಷ್ಟು ತಿಂಗಳು ಕೂತರು ಅನ್ನುವುದು ಆ ಕಾಗದಗಳಲ್ಲೇ ಸಿಗುತ್ತದೆ.

ಇಂತಿ,
ಬಿಲ್ ಬರೆಯುವ ಒಬ್ಬ ಓದುಗ