ಯಾವ ನೀರು ತುಂಬಿದಿರಿ, ಬರೆದು ಕೊಡಿ

ಸಂಪಾದಕರಿಗೆ ನಮಸ್ಕಾರ.

ನಾನು ವಿಜಯಪುರದ ಜೋರಾಪುರ ಪೇಟೆಯಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡುವವನು. ಕೆಲಸ ನಡೆಯುವುದು ಮಾಳಿಗೆಯ ಮೇಲಿನ ತಗಡಿನ ಕೋಣೆಯಲ್ಲಿ. ಏಪ್ರಿಲ್, ಮೇ ಅಂದರೆ ನಮಗೆ ಕೈತುಂಬ ಕೆಲಸ, ತಲೆ ಮೇಲೆ ಕೆಂಡದಂಥ ಬಿಸಿಲು. ಮೂರು ತಾಸಿನ ಮದುವೆ ರೆಂಡರ್‌ಗೆ (ಎಡಿಟ್ ಮಾಡಿದ್ದನ್ನು ಪೂರ್ಣ ವಿಡಿಯೊ ಮಾಡಲಿಕ್ಕೆ) ಹಾಕಿದರೆ ಕಂಪ್ಯೂಟರಿನ ಪ್ರೊಸೆಸರ್ 90 ಡಿಗ್ರಿ ಮುಟ್ಟಿ ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ಅದಕ್ಕೇ ನೀರಿನ ಕೂಲಿಂಗ್ ಹಾಕಿಸಿದೆ. ಪಂಪ್ ನೀರನ್ನು ಪ್ರೊಸೆಸರ್ ಮೇಲಿನ ಬ್ಲಾಕ್‌ನಲ್ಲಿ ಹಾಯಿಸುತ್ತದೆ, ಬಿಸಿಯಾದ ನೀರು ರೇಡಿಯೇಟರ್‌ನಲ್ಲಿ ಫ್ಯಾನಿನ ಗಾಳಿಗೆ ಆರಿ ಮರಳುತ್ತದೆ.

ಅಂಗಡಿಯವರ ಹೆಸರು ಬೇಡ. ಚೆಂದಾಗಿ ಜೋಡಿಸಿ, ನೀಲಿ ಲೈಟ್ ಹಾಕಿ ಕೊಟ್ಟರು. ಮೊದಲೆರಡು ತಿಂಗಳು ಒಳ್ಳೇ ಓಡಿತು. ಏಳನೇ ತಿಂಗಳಿಗೆ ಶಾಖ ಮೊದಲಿನಷ್ಟೇ ಆಯಿತು. ಬಿಚ್ಚಿಸಿ ನೋಡಿದೆ. ಪ್ರೊಸೆಸರ್ ಮೇಲೆ ಕೂರುವ ತಾಮ್ರದ ಬ್ಲಾಕ್‌ನ ಒಳಗೆ ಕೂದಲಿನಂಥ ಸಣ್ಣ ಗೀರುಗಳಿರುತ್ತವೆ, ನೀರು ಹರಿಯುವುದು ಅದರ ನಡುವೆ. ಅಲ್ಲೆಲ್ಲ ಬೂದು ಬಣ್ಣದ ಲೇಹ ಕೂತಿತ್ತು. ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಪಾಚಿ ವಾಸನೆ. ಏನು ತುಂಬಿದ್ದಿರಿ ಅಂತ ಕೇಳಿದೆ. "ಫಿಲ್ಟರ್ ನೀರೇ ಸರ್" ಅಂದರು. ರೇಡಿಯೇಟರ್ ಬೇರೆ ಅಲ್ಯೂಮಿನಿಯಮ್‌ದು. ತಾಮ್ರ, ಅಲ್ಯೂಮಿನಿಯಮ್ ಎರಡೂ ಒಂದೇ ನೀರಲ್ಲಿದ್ದರೆ ಅದು ಬ್ಯಾಟರಿ ಇದ್ದಂತೆ. ಅಲ್ಯೂಮಿನಿಯಮ್ ಸವೆಯುತ್ತದೆ, ಆ ಹೊಲಸು ಗೀರುಗಳಲ್ಲಿ ಕೂರುತ್ತದೆ. ನನ್ನ 9 ಸಾವಿರ ರೂಪಾಯಿ ಹೋಯಿತು. ಅದಕ್ಕಿಂತ, ಎರಡು ಮದುವೆಯವರಿಗೆ ಹೇಳಿದ ದಿನ ವಿಡಿಯೊ ಕೊಡಲಾಗಲಿಲ್ಲ. ಅದು ಇನ್ನೂ ಮನಸ್ಸಿಗೆ ಚುಚ್ಚುತ್ತದೆ.

ನಮ್ಮ ಊರಿನವರಿಗೆ ಇದು ತಿಳಿಯದ ವಿಷಯವಲ್ಲ. ಬೋರಿನ ಸವಳು ನೀರು ಕಾಯಿಸಿದ ಪಾತ್ರೆಯ ತಳ ನೋಡಿ, ಬಿಳಿ ಪದರ ಕಟ್ಟಿರುತ್ತದೆ. ಬೇಗಂ ತಲಾಬಿನಿಂದ ಕೊಳವೆಯಲ್ಲಿ ಊರಿಗೆ ನೀರು ತಂದ ಆದಿಲ್‌ಶಾಹಿ ಕಾಲದವರು ದಾರಿಯುದ್ದಕ್ಕೂ ಗಂಜ್ ಕಟ್ಟಿದ್ದಾರಲ್ಲ, ಆ ಕಲ್ಲಿನ ಗೋಪುರಗಳು, ಅವು ಒತ್ತಡ ತಗ್ಗಿಸಲಿಕ್ಕೆ, ಕೊಳವೆಯಲ್ಲಿ ರಾಡಿ ಕಟ್ಟದಿರಲಿಕ್ಕೆ. ನೀರು ಬಿಡುವ ಮೊದಲು ಅದು ಎಲ್ಲಿ ಕಟ್ಟೀತು ಅಂತ ಅವರು ಯೋಚಿಸಿದ್ದರು.

ಎರಡನೇ ಸಲ ನಾನೇ ಜೋಡಿಸಿದೆ. ಮುಚ್ಚಿದ ಡಬ್ಬಿ ಬೇಡ ಅಂತ ತೆರೆದ ಚೌಕಟ್ಟು ತಂದು ಗೋಡೆಗೆ ಬಿಗಿದೆ. 360 ಮಿಲಿಮೀಟರ್‌ನ ತಾಮ್ರದ ರೇಡಿಯೇಟರ್, ಮೂರು ಫ್ಯಾನ್, ಮೆತ್ತನೆಯ ಪೈಪ್. ಟ್ಯಾಂಕ್ ಎಲ್ಲಕ್ಕಿಂತ ಮೇಲೆ, ಗಾಳಿಗುಳ್ಳೆ ಅಲ್ಲಿಗೇ ಬಂದು ಸೇರಲಿ ಅಂತ. ತುಂಬಿದ್ದು ಡಿಸ್ಟಿಲ್ಡ್ ವಾಟರ್ (ಆವಿ ಮಾಡಿ ಇಳಿಸಿದ, ಸವಳಿಲ್ಲದ ನೀರು), ಜೊತೆಗೆ ಪಾಚಿ ಮತ್ತು ತುಕ್ಕು ತಡೆಯುವ ದ್ರಾವಣ. ಗ್ರಾಫಿಕ್ಸ್ ಕಾರ್ಡ್‌ಗೆ ಕೈ ಹಚ್ಚಲಿಲ್ಲ.

ಕರೆಂಟ್ ಕೊಡುವ ಮೊದಲು ಸೋರಿಕೆ ನೋಡಬೇಕು. ಪವರ್ ಸಪ್ಲೈನ 24 ಪಿನ್ ಕನೆಕ್ಟರ್ ಅನ್ನು ಮದರ್‌ಬೋರ್ಡ್‌ಗೆ ಹಚ್ಚದೆ, ಅದಕ್ಕೆ ಜಂಪರ್ (ಎರಡು ಪಿನ್ ಕೂಡಿಸುವ ತುಂಡು ತಂತಿ) ಹಾಕಿ ಪಂಪ್ ಒಂದನ್ನೇ ಓಡಿಸಿದೆ, ಮದರ್‌ಬೋರ್ಡ್‌ಗೆ ಕರೆಂಟೇ ಇಲ್ಲ. ಕೆಳಗೆ ನಿಮ್ಮ ಪತ್ರಿಕೆಯ ಹಾಳೆಗಳನ್ನು ಹಾಸಿದೆ. ಒಂದು ಹನಿ ಬಿದ್ದರೂ ಕಾಗದದ ಮೇಲೆ ಕಾಣುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಎಂಟಾಣೆ ಅಗಲದ ಒದ್ದೆ ಕಲೆ. ಅದರ ನೇರ ಮೇಲಿನ, ಪೈಪ್ ಕೂಡಿಸುವ ಫಿಟ್ಟಿಂಗ್ ತೆಗೆದೆ, ಒಳಗಿನ ರಬ್ಬರ್ ಓ-ರಿಂಗ್ ಒಂದು ಕಡೆ ಮಡಚಿ ಸಿಕ್ಕಿಕೊಂಡಿತ್ತು. ಬೆರಳಿನಿಂದ ಸರಿಮಾಡಿ, ಕೈಯಲ್ಲೇ ಬಿಗಿ ಮಾಡಿ, ಮತ್ತೆ ಪೂರ್ತಿ ಒಂದು ದಿನ ಓಡಿಸಿದೆ. ಈ ಸಲ ಹಾಸಿದ ಹಾಳೆ ಒಣಗೇ ಉಳಿಯಿತು. ಡಿಸ್ಟಿಲ್ಡ್ ವಾಟರ್‌ನಲ್ಲಿ ಕರೆಂಟ್ ಹರಿಯಲ್ಲ, ಸೋರಿದರೂ ಏನಾಗಲ್ಲ ಅನ್ನುವವರಿದ್ದಾರೆ. ಹೊಸದಾಗಿದ್ದಾಗ ತೀರಾ ಕಮ್ಮಿ ಹರಿಯುತ್ತದೆ, ನಿಜ. ತಿಂಗಳುಗಟ್ಟಲೆ ಲೋಹದ ಮೇಲೆ ಹರಿದಾಡಿದ ನೀರಿನ ಮೇಲೆ ಆ ಭರವಸೆ ಬೇಡ.

ತೆರೆದ ಚೌಕಟ್ಟಿನಲ್ಲಿ ಎಲ್ಲವೂ ಕಣ್ಣೆದುರು ಇರುತ್ತದೆ, ಸೋರಿದರೆ ತಕ್ಷಣ ಗೊತ್ತಾಗುತ್ತದೆ. ಆದರೆ ಎರೆ ಮಣ್ಣಿನ ಧೂಳು ಬಿಡುವುದಿಲ್ಲ. ಜೋಳದ ರಾಶಿ ಹೊತ್ತಿಗಂತೂ ಫ್ಯಾನಿನ ರೆಕ್ಕೆ ಕಪ್ಪಾಗುತ್ತದೆ. ಪ್ರತಿ ಭಾನುವಾರ ಬ್ಲೋವರ್ ಹಿಡಿಯುತ್ತೇನೆ. ಹಲ್ಲಿ ಬರುತ್ತವೆ, ಅದಕ್ಕೆ ರಾತ್ರಿ ಬಂದ್ ಮಾಡಿದ ಮೇಲೆ ಸೊಳ್ಳೆ ಪರದೆ ಇಳಿಬಿಡುತ್ತೇನೆ. ಸಣ್ಣ ಮಕ್ಕಳಿರುವ ಮನೆಗೆ ಇದು ಬೇಡವೇ ಬೇಡ.

ಇನ್ನೊಂದು ಮಾತು ಗಿರಾಕಿಗಳಿಗೆ. ನೀರು ಹಾಕಿದ ಮಾತ್ರಕ್ಕೆ ಫ್ರಿಜ್ ಆಗಲ್ಲ. ಕೋಣೆಯ ಶಾಖಕ್ಕಿಂತ ಕೆಳಗೆ ರೇಡಿಯೇಟರ್ ಇಳಿಸಲಾರದು. ಹೋದ ಮೇ ತಿಂಗಳಲ್ಲಿ ನನ್ನ ಕೋಣೆ 40 ಇತ್ತು, ನೀರು 47, ಪ್ರೊಸೆಸರ್ 80. ವೇಗ ಇಳಿಯಲಿಲ್ಲ, ರೆಂಡರ್ ಮುಗಿಯಿತು. ನನಗೆ ಬೇಕಾಗಿದ್ದೂ ಅಷ್ಟೇ.

ಈಗ ಆಟಕ್ಕೆ, ಎಡಿಟಿಂಗ್‌ಗೆ ಅಂತ ಇಂಥ ಕಂಪ್ಯೂಟರ್ ಕಟ್ಟಿಸುವ ಹುಡುಗರು ನಮ್ಮ ಕಡೆಯೂ ಇದ್ದಾರೆ. ಅಪ್ಪ ಅಮ್ಮ ಕೂಡಿಟ್ಟ ದುಡ್ಡು ಅದು. ಜೋಡಿಸಿ ಕೊಡುವ ಅಂಗಡಿಯವರಲ್ಲಿ ನನ್ನದು ಒಂದೇ ವಿನಂತಿ. ಬಿಲ್ಲಿನ ಜೊತೆ ಮೂರು ಸಾಲು ಬರೆದು ಕೊಡಿ: ಯಾವ ನೀರು ತುಂಬಿದ್ದು, ಬ್ಲಾಕ್ ಮತ್ತು ರೇಡಿಯೇಟರ್ ಯಾವ ಲೋಹದ್ದು, ನೀರು ಬದಲಿಸುವುದು ಯಾವಾಗ. ನನ್ನ ಟ್ಯಾಂಕಿಗೆ ಅಂಥ ಚೀಟಿ ನಾನೇ ಬರೆದು ಅಂಟಿಸಿದ್ದೇನೆ. ಅದನ್ನು ನೋಡಿ ಪಕ್ಕದ ಓಣಿಯ ಹುಡುಗನೊಬ್ಬ ತನ್ನ ಅಂಗಡಿಯವರನ್ನು ಕೇಳಲು ಹೋದ. ಅವರಿಗೂ ನೆನಪಿರಲಿಲ್ಲವಂತೆ.

ಇತಿ ನಿಮ್ಮ ಓದುಗ,
ಜೋರಾಪುರ ಪೇಟೆ, ವಿಜಯಪುರ