ಲ್ಯಾಬಿನ ಕ್ಯಾಲ್ಕುಲೇಟರನ್ನು ಪೂರ್ತಿ ತೋರಿಸಿ

ಮಾನ್ಯ ಸಂಪಾದಕರೇ,

ನಮ್ಮ ಮಂಡ್ಯದಲ್ಲಿ ಪಿಯು ಓದುವ ಮಕ್ಕಳು ಬೈನರಿ ಲೆಕ್ಕ (ಸಂಖ್ಯೆಯನ್ನು ಬರೀ 0, 1ರಲ್ಲಿ ಬರೆಯುವುದು) ಅಂದರೆ 2ರಿಂದ ಭಾಗಿಸುತ್ತಾ ಹೋಗಿ, ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಬರೆಯುವುದು ಅಂತಷ್ಟೇ ಬಾಯಿಪಾಠ ಮಾಡುತ್ತಾರೆ. ಮಾಡಲಿ, ಪರೀಕ್ಷೆಗೆ ಬೇಕು. ಆದರೆ ಬಂದ ಉತ್ತರ ಸರಿಯಾ ಅಂತ ನೋಡಲು ವಿಂಡೋಸ್ ಕ್ಯಾಲ್ಕುಲೇಟರಿನಲ್ಲೇ ‘ಪ್ರೋಗ್ರಾಮರ್’ ಮೋಡ್ ಇದೆ, ಅದನ್ನೂ ಒಮ್ಮೆ ತೋರಿಸಬಹುದಲ್ವಾ? 255 ಒತ್ತಿ ನೋಡಿ. ಹೆಕ್ಸ್‌ನಲ್ಲಿ (16ರ ಆಧಾರದ ಪದ್ಧತಿ) ಎಫ್‌ಎಫ್, ಆಕ್ಟಲ್‌ನಲ್ಲಿ (8ರ ಆಧಾರದ ಪದ್ಧತಿ) 377, ಬೈನರಿಯಲ್ಲಿ ಸಾಲಾಗಿ ಎಂಟು ಒಂದುಗಳು, ಎಲ್ಲವೂ ಒಟ್ಟಿಗೇ ಬರುತ್ತವೆ.

ಸುಮ್ನೆ ಹೊಗಳುತ್ತಿಲ್ಲ, ಕೊರತೆಯೂ ಇದೆ. ಆ ಮೋಡ್ ದಶಮಾಂಶ ಬಿಂದುವನ್ನು ಒಪ್ಪುವುದಿಲ್ಲ. 5ನ್ನು 2ರಿಂದ ಭಾಗಿಸಿದರೆ ಬರೀ 2 ಅನ್ನುತ್ತದೆ. ಹಾಗಾಗಿ 13.625 ಎಂದರೆ 1101.101 ಅಂತ ಕೈಯಲ್ಲೇ ಬಿಡಿಸಬೇಕು. ಇನ್ನು ಮಕ್ಕಳು ಜಾಸ್ತಿ ಗಾಬರಿಯಾಗುವುದು ಋಣ ಸಂಖ್ಯೆಗೆ: -1 ಕೊಟ್ಟರೆ ಹೆಕ್ಸ್‌ನಲ್ಲಿ ಹದಿನಾರು ಎಫ್‌ಗಳು, ಅದೇ ಬೈಟ್‌ಗೆ (8 ಬಿಟ್, ಅಂದರೆ 0 ಅಥವಾ 1 ಬರೆಯುವ ಎಂಟು ಸ್ಥಾನ) ಬದಲಿಸಿದರೆ ಎರಡೇ. ಕೆಟ್ಟಿರುವುದು ಕ್ಯಾಲ್ಕುಲೇಟರ್ ಅಲ್ಲ. 64 ಬಿಟ್‌ಗೂ 8 ಬಿಟ್‌ಗೂ ಇರುವ ವ್ಯತ್ಯಾಸ ಅದು. ಬೋರ್ಡಿನ ಮೇಲೆ ಅರ್ಧ ಗಂಟೆ ಹೇಳುವುದನ್ನು ಅಲ್ಲಿ ಒಂದು ಕ್ಲಿಕ್ಕಿನಲ್ಲಿ ತೋರಿಸಬಹುದು. ಉಪನ್ಯಾಸಕರು ಮುಂದಿನ ಲ್ಯಾಬ್ ತರಗತಿಯಲ್ಲೇ ಹತ್ತು ನಿಮಿಷ ಇದಕ್ಕೆ ಕೊಡಲಿ.

– ಒಬ್ಬ ಪೋಷಕ, ಮಂಡ್ಯ